ಫಂಕ್ಷನ್‌ಗೆ ಹೆಸರಿಡುವಾಗ ಯಾವ ಭಾಷೆಯ ದಾರಿ ಹಿಡಿಯೋಣ?

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವರ್ಷಗಟ್ಟಲೆ ಕೋಡ್ ಬರೆದವರನ್ನು ಒಮ್ಮೆ ಕೇಳಿ ನೋಡಿ. ಪಟ್ಟಿಯೊಳಗೆ ಹುಡುಕುವ ‘ಇನ್_ಅರೇ’ ಫಂಕ್ಷನ್‌ಗೆ (ಹೆಸರು ಹಿಡಿದು ಕರೆಯುವ ಕೋಡ್ ತುಂಡಿಗೆ) ಮೊದಲು ಏನು ಕೊಡಬೇಕು? ಹುಡುಕಬೇಕಾದ ವಸ್ತುವನ್ನೋ, ಹುಡುಕುವ ಪಟ್ಟಿಯನ್ನೋ? ಎಷ್ಟೋ ಜನ ಒಂದು ಕ್ಷಣ ತಡೆದು, ಆಮೇಲೆ ಡಾಕ್ಯುಮೆಂಟೇಶನ್ ತೆರೆಯುತ್ತಾರೆ. ಉತ್ತರ: ಮೊದಲು ವಸ್ತು, ಆಮೇಲೆ ಪಟ್ಟಿ. ಸರಿ, ಹಾಗಾದರೆ ‘ಸ್ಟ್ರ್‌ಪಾಸ್’ಗೆ? ಅಲ್ಲಿ ಉಲ್ಟಾ. ಮೊದಲು ಪೂರ್ತಿ ಸ್ಟ್ರಿಂಗ್ (ಅಂದರೆ ಪಠ್ಯ), ಆಮೇಲೆ ಅದರೊಳಗೆ ಹುಡುಕುವ ತುಂಡು. ಎರಡೂ ಹುಡುಕುವ ಕೆಲಸವೇ. ಎರಡೂ ಒಂದೇ ಭಾಷೆಯ ಒಂದೇ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಫಂಕ್ಷನ್‌ಗಳ ಸಂಗ್ರಹದಲ್ಲಿ, ಇವೆ.

ಈ ಬರಹ ಯಾರಿಗೆ ಅಂದರೆ, ತಂಡದವರೆಲ್ಲ ಬಳಸುವ ಒಂದು ಲೈಬ್ರರಿ ಬರೆಯಲು ಕೂತಿರುವವರಿಗೆ. ಇಪ್ಪತ್ತೋ ಮೂವತ್ತೋ ಫಂಕ್ಷನ್‌ಗೆ ಹೆಸರಿಡಬೇಕು. ತಂಡದಲ್ಲಿ ಒಬ್ಬರು ಜಾವಾದಿಂದ ಬಂದವರು, ಒಬ್ಬರು ರೂಬಿಯಿಂದ, ಇನ್ನೊಬ್ಬರು ಗೋದಿಂದ. ಎಲ್ಲರಿಗೂ ತಮ್ಮ ರೂಢಿಯೇ ಸರಿ ಅನ್ನಿಸುತ್ತದೆ. ಈ ಭಾಷೆಗಳ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಗಳು ಹೆಸರಿನ ಪ್ರಶ್ನೆಗೆ ಒಂದೊಂದು ಉತ್ತರ ಕೊಟ್ಟಿವೆ. ಕೆಲವು ಉತ್ತರ ಚೆನ್ನಾಗಿ ಬಾಳಿಕೆ ಬಂದಿವೆ, ಕೆಲವು ಇವತ್ತಿಗೂ ಕಾಡುತ್ತಿವೆ. ನಾನು ಅಳೆಯುವ ಕೋಲು ಒಂದೇ: ಹತ್ತು ಫಂಕ್ಷನ್ ಕಲಿತವರು ಹನ್ನೊಂದನೆಯದರ ಹೆಸರನ್ನು ತಾವೇ ಊಹಿಸಬಲ್ಲರಾ?

ಅಂಡರ್‌ಸ್ಕೋರೋ, ದೊಡ್ಡಕ್ಷರವೋ

ಜಗಳ ಜಾಸ್ತಿ ಆಗುವುದು ಇಲ್ಲೇ. ಆದರೆ ಇದು ಎಲ್ಲಕ್ಕಿಂತ ಸಣ್ಣ ಪ್ರಶ್ನೆ. ನೀವು ಬರೆಯುತ್ತಿರುವ ಭಾಷೆ ಏನು ಮಾಡುತ್ತದೋ ಅದನ್ನೇ ಮಾಡಿ. ಪೈಥಾನ್, ರಸ್ಟ್, ರೂಬಿ, ಎಲಿಕ್ಸರ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್, ಅಂದರೆ ಸ್ನೇಕ್ ಕೇಸ್. ಜಾವಾ, ಜಾವಾಸ್ಕ್ರಿಪ್ಟ್, ಸ್ವಿಫ್ಟ್‌ನಲ್ಲಿ ನಡುವೆ ದೊಡ್ಡಕ್ಷರ, ಅಂದರೆ ಕ್ಯಾಮೆಲ್ ಕೇಸ್. ಗೋದಲ್ಲಿ ಮಾತ್ರ ಇದು ಬರೀ ರುಚಿಯ ವಿಷಯ ಅಲ್ಲ. ಅಲ್ಲಿ ಹೆಸರಿನ ಮೊದಲಕ್ಷರ ದೊಡ್ಡದಿದ್ದರೆ ಆ ಫಂಕ್ಷನ್ ತನ್ನ ಪ್ಯಾಕೇಜಿನ (ಫಂಕ್ಷನ್‌ಗಳ ಗುಂಪಿನ) ಹೊರಗೂ ಸಿಗುತ್ತದೆ, ಚಿಕ್ಕದಿದ್ದರೆ ಒಳಗೆ ಮಾತ್ರ.

ಒಂದು ಎಚ್ಚರಿಕೆ ಮಾತ್ರ ಇದೆ. ಬೇರೆ ಭಾಷೆಯ ಲೈಬ್ರರಿಯನ್ನು ತಂದು ಕೂರಿಸುವಾಗ ಅದರ ಹೆಸರಿನ ರೂಢಿಯನ್ನೂ ಜೊತೆಗೇ ತರಬೇಡಿ. ಕೋಡ್ ಪರೀಕ್ಷಿಸುವ ಪೈಥಾನ್‌ನ ‘ಯೂನಿಟ್‌ಟೆಸ್ಟ್’ ಜಾವಾದ ಜೆಯೂನಿಟ್ ನೋಡಿ ಕಟ್ಟಿದ್ದು. ‘ಲಾಗಿಂಗ್’ ಮಾಡ್ಯೂಲ್ ಕೂಡ ಜಾವಾದ ಪ್ರಭಾವದಲ್ಲಿ ಬೆಳೆದದ್ದು. ಅದಕ್ಕೇ ಇಡೀ ಪೈಥಾನ್ ಸ್ನೇಕ್ ಕೇಸ್‌ನಲ್ಲಿದ್ದರೂ ‘ಅಸರ್ಟ್‌ಈಕ್ವಲ್’, ‘ಗೆಟ್‌ಲಾಗರ್’ ಎರಡೂ ಕ್ಯಾಮೆಲ್ ಕೇಸ್‌ನಲ್ಲೇ ಉಳಿದಿವೆ. 2001ರಲ್ಲಿ ಬಂದ ಪೆಪ್ 8 ಎಂಬ ಶೈಲಿ ನಿಯಮ ಇದನ್ನು ಮುಚ್ಚಿಡುವುದಿಲ್ಲ. ಪೈಥಾನ್ ಲೈಬ್ರರಿಯ ಹೆಸರುಗಳು ಸ್ವಲ್ಪ ಕಲಸುಮೇಲೋಗರವಾಗಿವೆ, ಪೂರ್ತಿ ಒಂದೇ ತರಹ ಮಾಡುವುದು ಆಗದ ಕೆಲಸ ಎಂದು ಅದೇ ಒಪ್ಪಿಕೊಂಡಿದೆ.

ಬದಲಾಯಿಸಲು ಹೊರಟರೆ ಎಷ್ಟು ಕಾಲ ಬೇಕು? ಪೈಥಾನ್‌ನ ‘ತ್ರೆಡಿಂಗ್’ ಮಾಡ್ಯೂಲ್‌ನಲ್ಲಿ ಕ್ಯಾಮೆಲ್ ಕೇಸ್‌ನ ‘ಕರೆಂಟ್‌ತ್ರೆಡ್’ ಪಕ್ಕದಲ್ಲಿ ‘ಕರೆಂಟ್_ತ್ರೆಡ್’ ಬಂದದ್ದು 2008ರ 2.6 ಆವೃತ್ತಿಯಲ್ಲಿ. ಹಳೆಯ ಹೆಸರನ್ನು ಬಿಡಿ ಎಂದು ಅಧಿಕೃತವಾಗಿ ಎಚ್ಚರಿಸಿದ್ದು 2021ರ 3.10ರಲ್ಲಿ. ಒಂದು ಅಂಡರ್‌ಸ್ಕೋರ್‌ಗೆ ಹದಿಮೂರು ವರ್ಷ.

ಪಿಎಚ್‌ಪಿ: ಒಂದೊಂದೂ ಸರಿ, ಒಟ್ಟಾಗಿ ತಪ್ಪು

ಪಿಎಚ್‌ಪಿಯನ್ನು ಬೈಯುವುದು ಸುಲಭ. ಆದರೆ ಅದು ಹೀಗೇಕಾಯಿತು ಎಂದು ತಿಳಿದುಕೊಂಡರೆ ನಮ್ಮ ಲೈಬ್ರರಿಗೇ ಒಳ್ಳೆಯದು. ಯಾಕೆಂದರೆ ಅದೇ ಕಾರಣಗಳು ನಮ್ಮ ತಂಡದಲ್ಲೂ ಇರುತ್ತವೆ.

‘ಸ್ಟ್ರ್‌ಲೆನ್’ನಲ್ಲಿ ಅಂಡರ್‌ಸ್ಕೋರ್ ಇಲ್ಲ, ‘ಸ್ಟ್ರ್_ರಿಪ್ಲೇಸ್’ನಲ್ಲಿ ಇದೆ. ‘ಎಚ್‌ಟಿಎಂಎಲ್‌ಎಂಟಿಟೀಸ್’ ಒಂದೇ ಪದ, ಅದನ್ನೇ ತಿರುಗಿಸುವ ‘ಎಚ್‌ಟಿಎಂಎಲ್_ಎಂಟಿಟಿ_ಡಿಕೋಡ್’ ಮೂರು ಪದ. ಮೊದಲನೆಯ ಕಾರಣ, ಪಿಎಚ್‌ಪಿಯ ಎಷ್ಟೋ ಹೆಸರುಗಳು ಸಿ ಭಾಷೆಯಿಂದ ನೇರವಾಗಿ ಬಂದವು. ಸಿ ಹೆಸರುಗಳು ಮೊಟಕಾಗಿರುವುದಕ್ಕೆ ಅದರದೇ ಕಾರಣ ಇತ್ತು. 1989ರ ಸಿ ಸ್ಟ್ಯಾಂಡರ್ಡ್ ಹೊತ್ತಿಗೂ ಬೇರೆ ಫೈಲಿನಿಂದ ಕರೆಯುವ ಹೆಸರುಗಳಲ್ಲಿ ಮೊದಲ 6 ಅಕ್ಷರಕ್ಕೆ ಮಾತ್ರ ಗ್ಯಾರಂಟಿ. ಆರರಲ್ಲಿ ಮುಗಿಸಬೇಕು ಅಂದರೆ ‘ಸ್ಟ್ರ್‌ಲೆನ್’, ‘ಸ್ಟ್ರ್‌ಕ್ಯಾಟ್’, ‘ಮೆಮ್‌ಕ್ಪೈ’ ಅಂತಲೇ ಬರೆಯಬೇಕಾಗುತ್ತದೆ.

ಎರಡನೆಯ ಕಾರಣ ಇನ್ನೂ ವಿಚಿತ್ರವಾದದ್ದು. ಪಿಎಚ್‌ಪಿ ಕಟ್ಟಿದ ರಾಸ್ಮಸ್ ಲೆರ್ಡಾರ್ಫ್ 2013ರಲ್ಲಿ ಇದನ್ನು ತಾವೇ ಹೇಳಿದರು. ಬಹಳ ಹಿಂದೆ, ಭಾಷೆಯಲ್ಲಿ ನೂರಕ್ಕಿಂತ ಕಮ್ಮಿ ಫಂಕ್ಷನ್ ಇದ್ದಾಗ, ಫಂಕ್ಷನ್‌ಗಳನ್ನು ಹೆಸರಿನ ಉದ್ದದ ಪ್ರಕಾರ ಗುಂಪು ಮಾಡಿ ಹುಡುಕಲಾಗುತ್ತಿತ್ತು. ಎಲ್ಲ ಹೆಸರೂ ಒಂದೇ ಉದ್ದ ಇದ್ದರೆ ಒಂದೇ ಗುಂಪಿನಲ್ಲಿ ಜನಜಂಗುಳಿ. ಅದಕ್ಕೇ ಬೇರೆ ಬೇರೆ ಉದ್ದದ ಹೆಸರು ಬೇಕಾಗಿದ್ದವು. ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಆ ಕಾಲದ ಹೆಸರು. ಆ ಹುಡುಕುವ ವಿಧಾನ ಹೋಗಿ ಯಾವ ಕಾಲವಾಯಿತೋ, ಹೆಸರು ಮಾತ್ರ ಇನ್ನೂ ಇದೆ.

ಆರ್ಗ್ಯುಮೆಂಟ್‌ಗಳ, ಅಂದರೆ ಫಂಕ್ಷನ್‌ಗೆ ಕೊಡುವ ಬೆಲೆಗಳ, ಕ್ರಮವನ್ನೂ ನೋಡಿ. ‘ಅರೇ_ಮ್ಯಾಪ್’ಗೆ ಮೊದಲು ಫಂಕ್ಷನ್, ಆಮೇಲೆ ಪಟ್ಟಿ. ‘ಅರೇ_ಫಿಲ್ಟರ್’ಗೆ ಮೊದಲು ಪಟ್ಟಿ, ಆಮೇಲೆ ಫಂಕ್ಷನ್. ಎರಡಕ್ಕೂ ಸಮಜಾಯಿಷಿ ಕೊಡಬಹುದು. ‘ಅರೇ_ಮ್ಯಾಪ್’ಗೆ ಎಷ್ಟು ಪಟ್ಟಿ ಬೇಕಾದರೂ ಕೊಡಬಹುದಲ್ಲ, ಹಾಗಾಗಿ ಪಟ್ಟಿಗಳು ಕೊನೆಗೆ ಬಂದರೆ ಅನುಕೂಲ. ‘ಅರೇ_ಫಿಲ್ಟರ್’ಗೆ ಫಂಕ್ಷನ್ ಕೊಡಲೇಬೇಕೆಂದಿಲ್ಲ, ಹಾಗಾಗಿ ಅದು ಕೊನೆಗೆ. ಒಂದೊಂದನ್ನೇ ರಿವ್ಯೂಗೆ ತಂದರೆ ಯಾರೂ ಬೇಡ ಅನ್ನುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ತೊಂದರೆ ಕಾಣುವುದು. ತಂಡದ ಲೈಬ್ರರಿ ಕೆಡುವುದೂ ಹೀಗೇ. ಕೆಟ್ಟ ಹೆಸರಿಡಬೇಕು ಅಂತ ಯಾರೂ ಕೂರುವುದಿಲ್ಲ. ಪಕ್ಕದ ಫಂಕ್ಷನ್ ಹೇಗಿದೆ ಎಂದು ನೋಡದೆ, ತಮ್ಮ ಪಾಡಿಗೆ ತಾವು ಒಳ್ಳೆಯ ಹೆಸರೇ ಇಡುತ್ತಾರೆ.

ಪಿಎಚ್‌ಪಿ ಸುಮ್ನೆ ಕೂತಿಲ್ಲ. 2020ರ 8.0 ಆವೃತ್ತಿಯಲ್ಲಿ ‘ಸ್ಟ್ರ್_ಕಂಟೇನ್ಸ್’, ‘ಸ್ಟ್ರ್_ಸ್ಟಾರ್ಟ್ಸ್_ವಿತ್’, ‘ಸ್ಟ್ರ್_ಎಂಡ್ಸ್_ವಿತ್’ ಬಂದವು. ಮೂರಕ್ಕೂ ಒಂದೇ ಅಚ್ಚಿನ ಹೆಸರು, ಒಂದೇ ಕ್ರಮ. ಅದೇ ಆವೃತ್ತಿಯಲ್ಲಿ ಆರ್ಗ್ಯುಮೆಂಟ್‌ಗಳನ್ನು ಹೆಸರು ಹೇಳಿ ಕೊಡುವ ಸೌಲಭ್ಯವೂ ಬಂತು. ಆಗ ಕ್ರಮ ಮರೆತರೂ ನಡೆಯುತ್ತದೆ. ಹಳೆಯ ಹೆಸರುಗಳನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದರೆ ಎಷ್ಟು ವೆಬ್‌ಸೈಟು ನಿಲ್ಲುತ್ತವೋ!

ಜಾವಾಸ್ಕ್ರಿಪ್ಟ್‌ಗೂ ಇದೇ ಬಿಗಿ. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಚ್ಚಿ ಒಂದೇ ಸಾಲಾಗಿಸುವ ಮೆಥಡ್‌ಗೆ (ಡೇಟಾಗೆ ಅಂಟಿಕೊಂಡ ಫಂಕ್ಷನ್‌ಗೆ) ‘ಫ್ಲಾಟನ್’ ಎಂದು ಹೆಸರಿಡಬೇಕೆಂದಿದ್ದರು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಬಳಸಿತ್ತು. ಹೊಸದು ಬಂದರೆ ಮೂಟೂಲ್ಸನ್ನು ನಂಬಿದ ಹಳೆಯ ಸೈಟುಗಳು ಮುರಿಯುತ್ತಿದ್ದವು. 2018ರಲ್ಲಿ ದೊಡ್ಡ ಚರ್ಚೆಯಾಗಿ ಕೊನೆಗೆ ‘ಫ್ಲಾಟ್’ ಎಂದಾಯಿತು. ಅದಕ್ಕೂ ಮೊದಲು ‘ಕಂಟೇನ್ಸ್’ ಆಗಬೇಕಿದ್ದದ್ದು ‘ಇನ್‌ಕ್ಲೂಡ್ಸ್’ ಆದದ್ದೂ ಅದೇ ಮೂಟೂಲ್ಸ್ ಕಾರಣಕ್ಕೆ.

ಗೋ: ಮನೆ ಹೆಸರು ಅರ್ಧ ಕೆಲಸ ಮಾಡಲಿ

ಪಿಎಚ್‌ಪಿಯ ‘ಸ್ಟ್ರ್_’, ‘ಅರೇ_’ ಎಂಬ ಮುನ್ನೊಟ್ಟುಗಳು (ಹೆಸರಿನ ಮೊದಲಿಗೆ ಅಂಟಿಸುವ ತುಂಡುಗಳು) ಮಾಡುವ ಕೆಲಸವನ್ನು ಗೋದಲ್ಲಿ ಪ್ಯಾಕೇಜಿನ ಹೆಸರು ಮಾಡುತ್ತದೆ. ‘ಸ್ಟ್ರಿಂಗ್ಸ್’ ಪ್ಯಾಕೇಜಿನಲ್ಲಿ ‘ಕಂಟೇನ್ಸ್’, ‘ಇಂಡೆಕ್ಸ್’, ‘ಸ್ಪ್ಲಿಟ್’, ‘ಟ್ರಿಮ್‌ಸ್ಪೇಸ್’ ಇವೆ. ‘ಬೈಟ್ಸ್’ ಪ್ಯಾಕೇಜಿಗೆ ಹೋಗಿ, ಅಲ್ಲೂ ಅವೇ ಹೆಸರು, ಅದೇ ಕ್ರಮ. ಒಂದನ್ನು ಕಲಿತರೆ ಇನ್ನೊಂದು ಪುಕ್ಕಟೆ. ನನ್ನ ಹನ್ನೊಂದನೆಯ ಫಂಕ್ಷನ್ ಪರೀಕ್ಷೆಯಲ್ಲಿ ಇದು ಆರಾಮಾಗಿ ಪಾಸ್.

ಗೋದವರು ಇನ್ನೊಂದು ನಿಯಮ ಪಾಲಿಸುತ್ತಾರೆ. ಕರೆಯುವಾಗ ಪ್ಯಾಕೇಜಿನ ಹೆಸರು ಹೇಗೂ ಮುಂದೆ ಇರುತ್ತದೆ, ಅದನ್ನು ಮತ್ತೆ ಹೇಳಬೇಡಿ. ‘ಬಫಿಯೋ’ ಪ್ಯಾಕೇಜಿನಲ್ಲಿರುವುದು ಬರೀ ‘ರೀಡರ್’, ‘ಬಫ್‌ರೀಡರ್’ ಅಲ್ಲ. ‘ಗೆಟ್’ ಕೂಡ ಬೇಡ. ಮಾಲೀಕರನ್ನು ಕೊಡುವ ಮೆಥಡ್‌ಗೆ ‘ಓನರ್’ ಸಾಕು. ಬದಲಿಸುವುದಕ್ಕೆ ಮಾತ್ರ ‘ಸೆಟ್‌ಓನರ್’.

ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಗೋದ ‘ರೆಜೆಕ್ಸ್‌ಪಿ’ ಪ್ಯಾಕೇಜು ನನಗೆ ಬಹಳ ಇಷ್ಟವಾದ ಉದಾಹರಣೆ. ಅದರಲ್ಲಿ ಹುಡುಕುವ ಮೆಥಡ್‌ಗಳು 16. ಹದಿನಾರನ್ನೂ ಬಾಯಿಪಾಠ ಮಾಡಬೇಕಿಲ್ಲ. ಹೆಸರು ‘ಫೈಂಡ್’ ಎಂದು ಶುರುವಾಗುತ್ತದೆ. ಎಲ್ಲ ಕಡೆ ಹುಡುಕಬೇಕಾದರೆ ‘ಆಲ್’ ಸೇರಿಸಿ. ಬೈಟ್ ಬದಲು ಸ್ಟ್ರಿಂಗ್ ಬೇಕಾದರೆ ‘ಸ್ಟ್ರಿಂಗ್’ ಸೇರಿಸಿ. ಒಳಗುಂಪುಗಳು ಬೇಕಾದರೆ ‘ಸಬ್‌ಮ್ಯಾಚ್’. ಸಿಕ್ಕಿದ ಜಾಗದ ಅಂಕಿ ಬೇಕಾದರೆ ‘ಇಂಡೆಕ್ಸ್’. ನಾಲ್ಕು ತುಂಡು, ಪ್ರತಿಯೊಂದೂ ಇರಬಹುದು ಅಥವಾ ಇಲ್ಲದಿರಬಹುದು, ಹಾಗಾಗಿ ಹದಿನಾರು. ನಮ್ಮ ಕನ್ನಡದಲ್ಲಿ ‘ಮಾಡು’ಗೆ ‘ಇಸು’ ಸೇರಿ ‘ಮಾಡಿಸು’, ಅದಕ್ಕೆ ‘ಬಹುದು’ ಸೇರಿ ‘ಮಾಡಿಸಬಹುದು’ ಆಗುವ ಹಾಗೆ. ತುಂಡುಗಳ ಅರ್ಥ ಗೊತ್ತಿದ್ದರೆ ಹೊಸ ಪದ ಕೇಳಿದ ಕೂಡಲೇ ತಿಳಿಯುತ್ತದೆ. ಎಲ್ಲವನ್ನೂ ಸೇರಿಸಿದಾಗ ಹೆಸರು ಉದ್ದವಾಗುತ್ತದೆ, ನಿಜ. ಆದರೆ ಆ ಉದ್ದದಲ್ಲಿ ಒಂದು ಪದವೂ ದಂಡ ಅಲ್ಲ.

ಈ ದಾರಿಯ ಕಷ್ಟ ಏನೆಂದರೆ ಪ್ಯಾಕೇಜಿನ ಹೆಸರೇ ಸೋತರೆ ಎಲ್ಲವೂ ಸೋಲುತ್ತದೆ. ಗೋದಲ್ಲೇ ‘ಐಓಯುಟಿಲ್’ ಎಂಬ ಪ್ಯಾಕೇಜು ಇತ್ತು. ‘ಯುಟಿಲ್’ ಅಂದರೆ ಏನು? ಏನೂ ಇಲ್ಲ, ಎಲ್ಲವೂ ಹೌದು. 2021ರ 1.16 ಆವೃತ್ತಿಯಲ್ಲಿ ಅದರೊಳಗಿನ ಫಂಕ್ಷನ್‌ಗಳನ್ನು ‘ಐಓ’ ಮತ್ತು ‘ಓಎಸ್’ ಪ್ಯಾಕೇಜುಗಳಿಗೆ ಹಂಚಿದರು. ನಿಮ್ಮ ಲೈಬ್ರರಿಯಲ್ಲಿ ‘ಯುಟಿಲ್ಸ್’, ‘ಹೆಲ್ಪರ್ಸ್’, ‘ಕಾಮನ್’ ಎಂಬ ಫೋಲ್ಡರ್ ಹುಟ್ಟಿದ ದಿನವೇ ಎಚ್ಚರ ವಹಿಸಿ. ಮನೆಯ ಅಟ್ಟದ ಹಾಗೆ, ಒಮ್ಮೆ ಸೇರಿದ್ದು ಕೆಳಗೆ ಇಳಿಯುವುದಿಲ್ಲ.

ಇದ್ದದ್ದನ್ನು ಬದಲಿಸುತ್ತದಾ, ಹೊಸದು ಕೊಡುತ್ತದಾ?

ಹೆಸರು ಹೇಳಲೇಬೇಕಾದ ವಿಷಯ ಇದು. ಇದು ತಪ್ಪಿದರೆ ಡೇಟಾ ಕೆಡುತ್ತದೆ, ಬರೀ ಕಿರಿಕಿರಿಯಲ್ಲಿ ಮುಗಿಯುವುದಿಲ್ಲ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ವರದಿ ತೋರಿಸುವ ಒಂದು ಪುಟ ಇತ್ತು. ಗ್ರಾಹಕರ ಪಟ್ಟಿಯನ್ನು ಮೊತ್ತದ ಪ್ರಕಾರ ಜೋಡಿಸಲು ಜಾವಾಸ್ಕ್ರಿಪ್ಟ್‌ನ ‘ಸಾರ್ಟ್’ ಕರೆದಿದ್ದರು. ಅದು ಹೊಸ ಪಟ್ಟಿ ಕೊಡುತ್ತದೆ ಎಂದು ಬರೆದವರು ನಂಬಿದ್ದರು. ನಂಬುವುದು ಸಹಜ, ಅದು ಪಟ್ಟಿಯನ್ನೇ ವಾಪಸ್ ಕೊಡುತ್ತದೆ. ಆದರೆ ಕೊಡುವುದು ಅದೇ ಹಳೆಯ ಪಟ್ಟಿಯನ್ನು, ಒಳಗೇ ಕ್ರಮ ಬದಲಿಸಿ. ಅದೇ ಪಟ್ಟಿಯನ್ನು ಇನ್ನೊಂದು ಪರದೆ ನೋಂದಣಿಯ ಕ್ರಮದಲ್ಲಿ ತೋರಿಸಬೇಕಿತ್ತು. ವರದಿ ಪುಟ ತೆರೆದಾಗ ಮಾತ್ರ ಆ ಪರದೆ ತಪ್ಪಾಗುತ್ತಿತ್ತು. ಹುಡುಕಲು ಎರಡು ದಿನ ಹಿಡಿಯಿತು.

ಇದಕ್ಕೆ ನಾಲ್ಕು ಭಾಷೆ ನಾಲ್ಕು ಹೆಸರಿನ ದಾರಿ ಹುಡುಕಿವೆ. ಪೈಥಾನ್‌ನಲ್ಲಿ ‘ಸಾರ್ಟ್’ ಪಟ್ಟಿಯನ್ನೇ ಬದಲಿಸುತ್ತದೆ, ‘ಸಾರ್ಟೆಡ್’ ಹೊಸದು ಕೊಡುತ್ತದೆ. ಸ್ವಿಫ್ಟ್ ಇದನ್ನು ಎಲ್ಲ ಕಡೆಗೂ ಅನ್ವಯಿಸುವ ವ್ಯಾಕರಣದ ನಿಯಮವನ್ನೇ ಮಾಡಿತು. ಆಜ್ಞೆಯ ರೂಪ ಇದ್ದರೆ ಬದಲಿಸುತ್ತದೆ, ‘ಎಡ್’ ಅಥವಾ ‘ಇಂಗ್’ ಕೊನೆಗಿದ್ದರೆ ಹೊಸದು ಕೊಡುತ್ತದೆ. 2016ರ ಸ್ವಿಫ್ಟ್ 3ರಲ್ಲಿ ಇಡೀ ಲೈಬ್ರರಿಯ ಹೆಸರುಗಳನ್ನೇ ಈ ನಿಯಮಗಳಿಗೆ ಹೊಂದಿಸಿದರು. ಅಷ್ಟು ದೊಡ್ಡ ಬದಲಾವಣೆ ಮಾಡಲು ಧೈರ್ಯ ಬೇಕು. ರೂಬಿಯಲ್ಲಿ ‘ಸಾರ್ಟ್’ ಹೊಸದು ಕೊಡುತ್ತದೆ, ‘ಸಾರ್ಟ್!’ ಇದ್ದದ್ದನ್ನೇ ಬದಲಿಸುತ್ತದೆ. ಜಾವಾಸ್ಕ್ರಿಪ್ಟ್ ತಡವಾಗಿ, 2023ರ ಆವೃತ್ತಿಯಲ್ಲಿ, ಹೊಸದು ಕೊಡುವ ‘ಟುಸಾರ್ಟೆಡ್’, ‘ಟುರಿವರ್ಸ್ಡ್’ ಸೇರಿಸಿತು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಇಂಗ್ಲಿಷ್ ಮನೆಮಾತಾಗಿ ಬೆಳೆದವರಿಗೆ ‘ಸಾರ್ಟ್’, ‘ಸಾರ್ಟೆಡ್’ ವ್ಯತ್ಯಾಸ ಕಿವಿಗೇ ಬೀಳುತ್ತದೆ. ನಮಗೆ ‘ಜೋಡಿಸು’, ‘ಜೋಡಿಸಿದ’ ಎರಡೂ ಬೇರೆ ಅನ್ನಿಸುವ ಹಾಗೆ. ಆದರೆ ಕಲಿತ ಇಂಗ್ಲಿಷಿನಲ್ಲಿ ಕೋಡ್ ಓದುವ ನಮ್ಮಂಥವರಿಗೆ ಕೊನೆಯ ಎರಡಕ್ಷರ ಕಣ್ಣು ತಪ್ಪಿಸುತ್ತದೆ. ಸ್ವಿಫ್ಟ್ ಕರೆಯನ್ನು ಇಂಗ್ಲಿಷ್ ವಾಕ್ಯದ ಹಾಗೆ ಓದಿಸಲು ನೋಡುತ್ತದೆ. ಓದಲು ಚೆಂದ. ಬರೆಯುವಾಗ ಮಾತ್ರ ಇಲ್ಲಿ ‘ಅಟ್’ ಬರಬೇಕಾ, ‘ಇನ್’ ಬರಬೇಕಾ, ‘ಫ್ರಮ್’ ಬರಬೇಕಾ ಎಂದು ಯೋಚನೆ. ಕನ್ನಡದಲ್ಲಿ ‘ಅಲ್ಲಿ’ ಒಂದರಲ್ಲೇ ಎಷ್ಟೋ ಕೆಲಸ ಮುಗಿಯುತ್ತದೆ ಅಲ್ವಾ. ಬೆಂಗಳೂರಿನ ತಂಡವೊಂದರಲ್ಲಿ ಕನ್ನಡ, ತಮಿಳು, ಹಿಂದಿ, ಬಂಗಾಳಿ ಮನೆಮಾತಿನವರು ಒಟ್ಟಿಗೆ ಕೆಲಸ ಮಾಡುತ್ತಾರೆ. ಅಂಥ ಕಡೆ ಇಂಗ್ಲಿಷ್ ವ್ಯಾಕರಣದ ಸೂಕ್ಷ್ಮದ ಮೇಲೆ ಡೇಟಾದ ಭದ್ರತೆಯನ್ನು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಕಣ್ಣಿಗೆ ಹೊಡೆಯುವ ಗುರುತು ಬೇಕು.

ರೂಬಿಯ ‘!’ ಅಂಥ ಗುರುತು. ಆದರೆ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ‘ಡಿಲೀಟ್’, ‘ಪುಷ್’, ‘ಕ್ಲಿಯರ್’ ಎಲ್ಲವೂ ಪಟ್ಟಿಯನ್ನು ಬದಲಿಸುತ್ತವೆ, ಯಾವುದಕ್ಕೂ ‘!’ ಇಲ್ಲ. ಅದೇ ಹೆಸರಿನ ಸೌಮ್ಯ ಜೋಡಿ ಇದ್ದಾಗ ಮಾತ್ರ ಅಲ್ಲಿ ‘!’ ಬರುತ್ತದೆ. ‘ಯುನೀಕ್!’ ಇನ್ನೂ ಸ್ವಲ್ಪ ಮೋಸ ಮಾಡುತ್ತದೆ. ತೆಗೆಯಲು ಏನೂ ಇಲ್ಲದಿದ್ದರೆ ಪಟ್ಟಿಯ ಬದಲು ‘ನಿಲ್’ (ಅಂದರೆ ಏನೂ ಇಲ್ಲ) ಕೊಡುತ್ತದೆ. ರೂಬಿಯಲ್ಲಿ ಇನ್ನೊಂದು ತೊಡಕೂ ಇದೆ: ಒಂದೇ ಕೆಲಸಕ್ಕೆ ಎರಡು ಹೆಸರು. ‘ಮ್ಯಾಪ್’ ಮತ್ತು ‘ಕಲೆಕ್ಟ್’, ‘ರೆಡ್ಯೂಸ್’ ಮತ್ತು ‘ಇಂಜೆಕ್ಟ್’, ‘ಫೈಂಡ್’ ಮತ್ತು ‘ಡಿಟೆಕ್ಟ್’. ಒಬ್ಬರೇ ಬರೆಯುವಾಗ ಇದು ಸ್ವಾತಂತ್ರ್ಯ. ಹತ್ತು ಜನರ ತಂಡದಲ್ಲಿ ಹುಡುಕಾಟಕ್ಕೆ ಅಡ್ಡಿ.

ರೂಬಿಯ ‘?’ ಮಾತ್ರ ನನಗೆ ತುಂಬಾ ಹಿಡಿಸುತ್ತದೆ. ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಫಂಕ್ಷನ್ ಹೆಸರಿನ ಕೊನೆಗೆ ಪ್ರಶ್ನೆ ಗುರುತು: ‘ಎಂಪ್ಟಿ?’. ಕನ್ನಡದಲ್ಲಿ ‘ಖಾಲಿ’ಗೆ ಕೊನೆಯಲ್ಲಿ ‘ಆ’ ಸೇರಿಸಿ ‘ಖಾಲಿಯಾ?’ ಅನ್ನುವುದಿಲ್ಲವೇ, ಹಾಗೇ. ಪ್ರಶ್ನೆ ಹೆಸರಿನ ಬಾಲದಲ್ಲೇ ಇದೆ. ನಿಮ್ಮ ಭಾಷೆಯಲ್ಲಿ ‘?’ಗೆ ಅವಕಾಶ ಇಲ್ಲದಿದ್ದರೆ ಮುಂದೆ ‘ಈಸ್_’ ಅಥವಾ ‘ಹ್ಯಾಸ್_’ ಇಡಿ. ಎಲ್ಲ ಕಡೆಯೂ ಇಡಿ.

ಸಿಗದಿದ್ದರೆ ಏನಾಗುತ್ತದೆ?

ಪೈಥಾನ್‌ನ ಸ್ಟ್ರಿಂಗ್‌ನಲ್ಲಿ ‘ಫೈಂಡ್’, ‘ಇಂಡೆಕ್ಸ್’ ಎರಡೂ ತುಂಡು ಇರುವ ಜಾಗ ಹೇಳುತ್ತವೆ. ತುಂಡು ಸಿಗದಿದ್ದರೆ ‘ಫೈಂಡ್’ ಮೈನಸ್ 1 ಕೊಡುತ್ತದೆ, ‘ಇಂಡೆಕ್ಸ್’ ಎರರ್ ಎಸೆಯುತ್ತದೆ. ಹೆಸರು ನೋಡಿ ಯಾವುದು ಯಾವುದು ಎಂದು ಹೇಳಲು ಸಾಧ್ಯವೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಪೈಥಾನ್‌ನಲ್ಲಿ ಮೈನಸ್ 1 ಅಂದರೆ ಕೊನೆಯ ಅಕ್ಷರ. ‘ಸಿಗಲಿಲ್ಲ’ ಎಂಬ ಉತ್ತರವನ್ನೇ ಜಾಗ ಎಂದು ಬಳಸಿದರೂ ಕೋಡ್ ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ಪಿಎಚ್‌ಪಿಯ ‘ಸ್ಟ್ರ್‌ಪಾಸ್’ ಸಿಗದಿದ್ದರೆ ‘ಫಾಲ್ಸ್’ ಕೊಡುತ್ತದೆ, ಮೊದಲಲ್ಲೇ ಸಿಕ್ಕರೆ 0 ಕೊಡುತ್ತದೆ. ಬರೀ ‘ಇಫ್’ನಲ್ಲಿ ಹಾಕಿದರೆ ಎರಡೂ ಒಂದೇ. ಎಷ್ಟು ಜನ ಇದರಲ್ಲಿ ಬಿದ್ದು ಎದ್ದಿದ್ದಾರೋ. ‘ಸ್ಟ್ರ್_ಕಂಟೇನ್ಸ್’ ಬಂದಾಗ ಖುಷಿಯಾದದ್ದು ಅದಕ್ಕೇ.

ಈ ವಿಷಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿರುವುದು ಎಲಿಕ್ಸರ್. ಅಲ್ಲಿ ‘ಗೆಟ್’ ಅಂದರೆ ಸಿಗದಿದ್ದರೆ ‘ನಿಲ್’ ಅಥವಾ ನೀವು ಹೇಳಿದ ಬದಲಿ ಬೆಲೆ. ‘ಫೆಚ್’ ಅಂದರೆ ಸಿಕ್ಕಿತೋ ಇಲ್ಲವೋ ಎಂದು ಬಾಯಿ ಬಿಟ್ಟು ಹೇಳುತ್ತದೆ, ಆ ಎರಡನ್ನೂ ನೀವು ನೋಡಿಕೊಳ್ಳಬೇಕು. ‘ಫೆಚ್!’ ಅಂದರೆ ಸಿಗದಿದ್ದರೆ ಎರರ್. ಮ್ಯಾಪ್ ಎಂಬ ಡೇಟಾ ಬಗೆಯಲ್ಲಿ ಕಲಿತದ್ದು ಕೀವರ್ಡ್ ಲಿಸ್ಟ್ ಎಂಬ ಇನ್ನೊಂದು ಬಗೆಯಲ್ಲೂ ನಡೆಯುತ್ತದೆ. ಫೈಲ್ ಓದುವ ‘ರೀಡ್’, ‘ರೀಡ್!’ ಜೋಡಿಯಲ್ಲೂ ‘!’ಗೆ ಅದೇ ಅರ್ಥ. ರೂಬಿಯಲ್ಲಿ ‘!’ ಒಂದು, ಎಲಿಕ್ಸರ್‌ನಲ್ಲಿ ‘!’ ಇನ್ನೊಂದು ಎಂಬುದನ್ನು ಗಮನಿಸಿ. ಗುರುತು ಯಾವುದಾದರೂ ಆಗಲಿ, ನಿಮ್ಮ ಲೈಬ್ರರಿಯೊಳಗೆ ಅದಕ್ಕೆ ಒಂದೇ ಅರ್ಥ ಇರಬೇಕು.

‘!’ ಬಳಸಲಾಗದ ಭಾಷೆಯಲ್ಲಿ ಬರೆಯುತ್ತಿದ್ದರೆ ಎರಡು ಮಾದರಿ ಇವೆ. ಸಿ ಶಾರ್ಪ್‌ನಲ್ಲಿ ‘ಪಾರ್ಸ್’ ಎರರ್ ಎಸೆಯುತ್ತದೆ, ‘ಟ್ರೈಪಾರ್ಸ್’ ಎಸೆಯುವುದಿಲ್ಲ. ಗೋದಲ್ಲಿ ‘ಕಂಪೈಲ್’ ಎರರ್ ವಾಪಸ್ ಕೊಡುತ್ತದೆ, ‘ಮಸ್ಟ್‌ಕಂಪೈಲ್’ ಪ್ಯಾನಿಕ್ ಮಾಡುತ್ತದೆ, ಅಂದರೆ ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ‘ಟ್ರೈ’, ‘ಮಸ್ಟ್’ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಯಾವ ವರ್ತನೆಗೆ ಗುರುತು ಹಾಕಬೇಕು ಎಂಬುದು ನಿಮ್ಮ ಭಾಷೆಯಲ್ಲಿ ಯಾವುದು ಮಾಮೂಲು ಎಂಬುದರ ಮೇಲೆ ನಿಂತಿದೆ.

ರಸ್ಟ್: ಹೆಸರಲ್ಲೇ ಬೆಲೆ ಚೀಟಿ

ರಸ್ಟ್‌ನ ಮೂರು ಮುನ್ನೊಟ್ಟುಗಳನ್ನು ಹೊಸಬರಿಗೆ ಹೇಳಿಕೊಡುವುದೇ ಒಂದು ಸಂತೋಷ. ‘ಆಸ್_’, ‘ಟು_’, ‘ಇಂಟು_’. ‘ಆಸ್_ಬೈಟ್ಸ್’ ಅಂದರೆ ಇದ್ದದ್ದನ್ನೇ ಬೇರೆ ರೀತಿ ನೋಡುವುದು, ಖರ್ಚಿಲ್ಲ. ‘ಟು_ಲೋವರ್‌ಕೇಸ್’ ಅಂದರೆ ಝೆರಾಕ್ಸ್ ಮಾಡಿಸಿದ ಹಾಗೆ, ಮೂಲ ನಿಮ್ಮ ಹತ್ತಿರವೇ ಇರುತ್ತದೆ, ಆದರೆ ಹೊಸ ಪ್ರತಿಗೆ ಖರ್ಚಿದೆ. ‘ಇಂಟು_ಬೈಟ್ಸ್’ ಅಂದರೆ ಹಳೆಯ ಬಳೆ ಕರಗಿಸಿ ಸರ ಮಾಡಿಸಿದ ಹಾಗೆ. ಸರ ಬಂತು, ಬಳೆ ಇನ್ನಿಲ್ಲ. ಒಂದು ಚಿಕ್ಕ ಪದದಲ್ಲಿ ಖರ್ಚು ಮತ್ತು ಒಡೆತನ ಎರಡೂ ತಿಳಿಯುತ್ತವೆ. ಲೈಬ್ರರಿಯ ಮೂಲೆಮೂಲೆಯಲ್ಲೂ ಇದನ್ನು ಪಾಲಿಸಿದ್ದಾರೆ. ನೀವೇ ಬರೆಯುವ ಟೈಪ್‌ಗೂ (ಡೇಟಾದ ಬಗೆಗೂ) ಇದೇ ರೂಢಿ ಇರಲಿ ಎಂದು ಅವರ ಮಾರ್ಗಸೂಚಿ ಹೇಳುತ್ತದೆ.

ಎಲಿಕ್ಸರ್‌ನಲ್ಲೂ ಖರ್ಚಿನ ನಿಯಮ ಇದೆ. ಹೆಸರಲ್ಲಿ ‘ಸೈಜ್’ ಇದ್ದರೆ ಉತ್ತರ ಮೊದಲೇ ಗೊತ್ತಿದೆ, ಕೂಡಲೇ ಸಿಗುತ್ತದೆ. ‘ಲೆಂತ್’ ಇದ್ದರೆ ಒಂದೊಂದಾಗಿ ಎಣಿಸಬೇಕು, ಪಟ್ಟಿ ಉದ್ದವಾದಷ್ಟೂ ತಡ. ಜಾವಾದಲ್ಲಿ ಇಂಥ ಅರ್ಥ ಯಾವುದೂ ಇಲ್ಲ. ಅರೇಗೆ ‘ಲೆಂತ್’ ಒಂದು ಫೀಲ್ಡ್, ಸ್ಟ್ರಿಂಗ್‌ಗೆ ‘ಲೆಂತ್’ ಒಂದು ಮೆಥಡ್, ಲಿಸ್ಟ್‌ಗೆ ‘ಸೈಜ್’.

ಈ ‘ಲೆಂತ್’ ವಿಷಯದಲ್ಲಿ ಕನ್ನಡಿಗರಾದ ನಾವು ಸ್ವಲ್ಪ ಹೊತ್ತು ನಿಲ್ಲಲೇಬೇಕು. ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಶಾಲೆಯ ಮಗುವನ್ನು ಕೇಳಿದರೆ ಮೂರಕ್ಷರ ಅನ್ನುತ್ತದೆ: ಕ, ನ್ನ, ಡ. ಪೈಥಾನ್‌ನ ‘ಲೆನ್’ 5 ಅನ್ನುತ್ತದೆ, ಯಾಕೆಂದರೆ ಅದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಕ, ನ, ಒತ್ತಕ್ಷರ ಮಾಡುವ ‘್’ ಚಿಹ್ನೆ, ಇನ್ನೊಂದು ನ, ಡ. ಗೋದ ‘ಲೆನ್’, ರಸ್ಟ್‌ನ ‘ಲೆನ್’, ಪಿಎಚ್‌ಪಿಯ ‘ಸ್ಟ್ರ್‌ಲೆನ್’ ಮೂರೂ 15 ಅನ್ನುತ್ತವೆ. ಅವು ಬೈಟ್ ಎಣಿಸುತ್ತವೆ, ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒಂದೇ ಹೆಸರು, ಬೇರೆ ಬೇರೆ ಲೆಕ್ಕ, ನಾವು ಎಣಿಸಿದ ಮೂರು ಎಲ್ಲೂ ಇಲ್ಲ.

ಇಂಗ್ಲಿಷ್ ಪದದಲ್ಲಿ ಈ ಲೆಕ್ಕಗಳೆಲ್ಲ ಒಂದೇ ಆಗುವುದರಿಂದ ಹೆಸರಿಟ್ಟವರಿಗೆ ತೊಂದರೆ ಕಾಣಲಿಲ್ಲ. ನಮಗೆ ಕಾಣುತ್ತದೆ. ಊರಿನ ಹೆಸರು 30 ಅಕ್ಷರ ಮೀರಬಾರದು ಎಂದು ಒಂದು ಫಾರಂನಲ್ಲಿ ‘ಸ್ಟ್ರ್‌ಲೆನ್’ ಇಟ್ಟು ತಡೆದಿದ್ದಾರೆ ಅನ್ನಿ. ‘ಚಿಕ್ಕಬಳ್ಳಾಪುರ’ ನಮ್ಮ ಎಣಿಕೆಯಲ್ಲಿ ಆರಕ್ಷರ. ಸಂಕೇತಗಳು 13, ಬೈಟ್ 39. ಫಾರಂ ಅದನ್ನು ಒಪ್ಪುವುದಿಲ್ಲ. ಅದನ್ನು ಬರೆದವರು ದುರುದ್ದೇಶದಿಂದ ಬರೆದದ್ದಲ್ಲ, ‘ಲೆನ್’ ಎಂಬ ಹೆಸರನ್ನು ನಂಬಿ ಬರೆದದ್ದು.

ಆದ್ದರಿಂದ ಎಲಿಕ್ಸರ್‌ನ ‘ಬೈಟ್_ಸೈಜ್’, ರೂಬಿಯ ‘ಬೈಟ್‌ಸೈಜ್’ ನನಗೆ ಗೌರವದ ಹೆಸರುಗಳು. ಏನನ್ನು ಎಣಿಸುತ್ತೇನೆ ಎಂದು ಅವು ಹೇಳಿಯೇ ಎಣಿಸುತ್ತವೆ. ಗೋದಲ್ಲಿ ‘ರೂನ್‌ಕೌಂಟ್‌ಇನ್‌ಸ್ಟ್ರಿಂಗ್’ (‘ರೂನ್’ ಅಂದರೆ ಸಂಕೇತ) ಉದ್ದವಾದರೂ ಪ್ರಾಮಾಣಿಕ. ನಿಮ್ಮ ಲೈಬ್ರರಿಯಲ್ಲಿ ಪಠ್ಯ ಎಣಿಸುವ ಫಂಕ್ಷನ್ ಇದ್ದರೆ ಬರೀ ‘ಲೆಂತ್’ ಎಂದು ಇಡಬೇಡಿ. ಬೈಟೋ, ಸಂಕೇತವೋ, ಕಣ್ಣಿಗೆ ಕಾಣುವ ಅಕ್ಷರವೋ ಎಂದು ಹೆಸರೇ ಹೇಳಲಿ.

ಇದೇ ಸಾಲಿನ ಇನ್ನೊಂದು ಒಳ್ಳೆಯ ತಿದ್ದುಪಡಿ ರಸ್ಟ್‌ನಲ್ಲಿ ಆಯಿತು. ಮೊದಲು ಪಠ್ಯದ ಆರಂಭದ ಖಾಲಿ ಜಾಗ ಕತ್ತರಿಸಲು ‘ಟ್ರಿಮ್_ಲೆಫ್ಟ್’ ಇತ್ತು. ಅರಬ್ಬಿ, ಹೀಬ್ರೂ ಬರಹ ಬಲದಿಂದ ಶುರುವಾಗುತ್ತದೆ. ಅಲ್ಲಿ ‘ಎಡ’ ಅಂದರೆ ಕೊನೆ, ಆದರೆ ಫಂಕ್ಷನ್ ಕತ್ತರಿಸುತ್ತಿದ್ದದ್ದು ಆರಂಭವನ್ನು. ಈಗ ಅದು ‘ಟ್ರಿಮ್_ಸ್ಟಾರ್ಟ್’. ಜಾವಾಸ್ಕ್ರಿಪ್ಟ್‌ನಲ್ಲೂ ‘ಟ್ರಿಮ್‌ಸ್ಟಾರ್ಟ್’ ಬಂದಿದೆ.

ಹಾಗಾದರೆ ಯಾವುದನ್ನು ಆರಿಸುವುದು?

ಒಂದೇ ಭಾಷೆಯ ಎಲ್ಲವನ್ನೂ ತರಬೇಕಿಲ್ಲ. ಹತ್ತಕ್ಕಿಂತ ಕಮ್ಮಿ ಫಂಕ್ಷನ್‌ಗಳ ಸಣ್ಣ ಲೈಬ್ರರಿ ಆದರೆ ಗೋದ ದಾರಿ ಸಾಕು: ಒಳ್ಳೆಯ ಮಾಡ್ಯೂಲ್ ಹೆಸರು, ಒಳಗೆ ಚಿಕ್ಕ ಹೆಸರು. ಪೈಥಾನ್, ಜಾವಾಸ್ಕ್ರಿಪ್ಟ್ ತರಹ ಟೈಪ್ ಬಿಗಿ ಕಮ್ಮಿ ಇರುವ ಭಾಷೆಯಲ್ಲಿ ದೊಡ್ಡ ಲೈಬ್ರರಿ ಆದರೆ ಹೆಸರಿನ ಮೇಲೆ ಭಾರ ಜಾಸ್ತಿ. ಅಲ್ಲಿ ಎಲಿಕ್ಸರ್‌ನ ಸೋಲಿನ ಜೋಡಿಯನ್ನೂ ರಸ್ಟ್‌ನ ಖರ್ಚಿನ ಮುನ್ನೊಟ್ಟುಗಳನ್ನೂ ತನ್ನಿ. ರಸ್ಟ್‌ನಲ್ಲೇ ಬರೆಯುತ್ತಿದ್ದರೆ ಏನನ್ನೂ ಕಂಡುಹಿಡಿಯಬೇಡಿ, ಅಲ್ಲಿನ ಮಾರ್ಗಸೂಚಿಯನ್ನೇ ಪಾಲಿಸಿ. ದಿನಾಂಕ, ಹಣ, ಅಳತೆ ತರಹದ ಒಂದೇ ಕ್ಷೇತ್ರದ ಲೈಬ್ರರಿ ಆದರೆ ಜಾವಾ 8ರಲ್ಲಿ, 2014ರಲ್ಲಿ, ಬಂದ ‘ಜಾವಾ.ಟೈಮ್’ ನೋಡಿ. ಕಟ್ಟುವುದಕ್ಕೆ ‘ಆಫ್’, ಪಠ್ಯ ಓದುವುದಕ್ಕೆ ‘ಪಾರ್ಸ್’, ಕೂಡುವುದಕ್ಕೆ ‘ಪ್ಲಸ್’, ಕಳೆಯುವುದಕ್ಕೆ ‘ಮೈನಸ್’, ಒಂದು ಭಾಗ ಬದಲಿಸಿದ ಹೊಸ ಪ್ರತಿಗೆ ‘ವಿತ್’. ದಿನಾಂಕಕ್ಕೆ ಕಲಿತದ್ದು ಸಮಯಕ್ಕೂ ಅವಧಿಗೂ ನಡೆಯುತ್ತದೆ. ಜಾವಾದ ಹಳೆಯ ಹೆಸರುಗಳಿಂದ ಬೇಸತ್ತವರು ಇದನ್ನು ನೋಡಿದರೆ ಮನಸ್ಸು ಹಗುರಾಗುತ್ತದೆ.

ಯಾವುದನ್ನು ಆರಿಸಿದರೂ ಕೋಡ್ ಬರೆಯುವ ಮೊದಲು ಒಂದು ಪುಟದ ಪದಪಟ್ಟಿ ಮಾಡಿ. ‘ಗೆಟ್’, ‘ಫೆಚ್’, ‘ಲೋಡ್’, ‘ಫೈಂಡ್’ ನಾಲ್ಕೂ ಬೇಕಾದರೆ ನಾಲ್ಕಕ್ಕೂ ಬೇರೆ ಅರ್ಥ ಬರೆದಿಡಿ. ಬೇರೆ ಅರ್ಥ ಹೊಳೆಯದಿದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸಿ. ಆರ್ಗ್ಯುಮೆಂಟ್‌ಗಳಲ್ಲಿ ಕೆಲಸ ಯಾವುದರ ಮೇಲೆ ನಡೆಯುತ್ತದೋ ಅದು ಯಾವಾಗಲೂ ಮೊದಲು. ‘ಅರೇ_ಮ್ಯಾಪ್’ಗೆ ಇದ್ದಂಥ ಒಳ್ಳೆಯ ಕಾರಣ ಎದುರಾದರೂ ಕ್ರಮ ಮುರಿಯಬೇಡಿ, ಬೇಕಿದ್ದರೆ ಪಟ್ಟಿಗಳನ್ನು ಒಂದೇ ಪಟ್ಟಿಯಾಗಿ ತೆಗೆದುಕೊಳ್ಳಿ. ತೆರೆ ಮತ್ತು ಮುಚ್ಚು, ಸೇರಿಸು ಮತ್ತು ತೆಗೆ, ಕಟ್ಟು ಮತ್ತು ಬಿಚ್ಚು, ಇಂಥ ಜೋಡಿಗಳಿಗೆ ಒಂದೇ ದಿನ ಕೂತು ಹೆಸರಿಡಿ. ಒಂದನ್ನು ಇವತ್ತು, ಇನ್ನೊಂದನ್ನು ಆರು ತಿಂಗಳ ನಂತರ ಇಟ್ಟರೆ ‘ಎಚ್‌ಟಿಎಂಎಲ್‌ಎಂಟಿಟೀಸ್’ ಕಥೆಯೇ ಆಗುತ್ತದೆ.

ಆಮೇಲೆ ಹೊರಗೆ ಬಿಡುವ ಮೊದಲು ತಂಡದ ಹೊಸಬರೊಬ್ಬರನ್ನು ಕರೆದು ಕೂರಿಸಿ. ಹತ್ತು ಹೆಸರು ತೋರಿಸಿ, ಹನ್ನೊಂದನೆಯ ಕೆಲಸವನ್ನು ಮಾತಿನಲ್ಲಿ ಹೇಳಿ, ಹೆಸರೂ ಆರ್ಗ್ಯುಮೆಂಟ್‌ಗಳ ಕ್ರಮವೂ ಏನಿರಬಹುದು ಎಂದು ಬರೆಯಲು ಹೇಳಿ. ಡಾಕ್ಯುಮೆಂಟೇಶನ್ ಕೊಡಬೇಡಿ, ಸುಳಿವೂ ಕೊಡಬೇಡಿ. ಅವರು ಬರೆದದ್ದು ನಿಮ್ಮ ಹೆಸರಿಗೆ ಹೊಂದದಿದ್ದರೆ ಅವರಿಗೆ ವಿವರಿಸಲು ಹೋಗಬೇಡಿ. ಅವರು ಬರೆದ ಹೆಸರನ್ನೇ ಇಟ್ಟುಕೊಂಡರೆ ಉಳಿದ ಹತ್ತಕ್ಕೆ ಹೊಂದುತ್ತದಾ ಎಂದು ನೋಡಿ.